ಬೆಂಗಳೂರಿನ ಸಾರ್ವಜನಿಕ ಗ್ರಂಥಾಲಯಗಳು: ಹದಿನೆಂಟು ವರ್ಷ ಬಳಸಿದವನ ಅನಿಸಿಕೆ

ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಕಟ್ಟುವವರೆಲ್ಲರೂ ಗ್ರಂಥಾಲಯಕ್ಕೂ ಹಣ ಕೊಡುತ್ತಿರುತ್ತಾರೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಆ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಆದ್ದರಿಂದ ಹದಿನೆಂಟು ವರ್ಷಗಳಿಂದ ಸದಸ್ಯನಾಗಿರುವ ನಾನು ದುಡ್ಡು ಕೊಟ್ಟ ಗ್ರಾಹಕನ ಸಲಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯದ ಬಗ್ಗೆ ನನಗೆ ಪಕ್ಷಪಾತವಿದೆಯೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ 1915ರಲ್ಲಿ ಎದ್ದ ಆ ಕೆಂಪು ಕಟ್ಟಡದೊಳಗೆ ಹೆಜ್ಜೆಯಿಟ್ಟರೆ ಹೊರಗಿನ ವಾಹನಗಳ ಗದ್ದಲ ಅರ್ಧಕ್ಕರ್ಧ ಇಳಿಯುತ್ತದೆ. ರಾಜ್ಯದಲ್ಲಿ ಅಚ್ಚಾದ ಪುಸ್ತಕಗಳ ಪ್ರತಿಗಳು ನೋಂದಣಿಗೆಂದು ಇಲ್ಲಿಗೆ ಬರುವುದರಿಂದ, ಪ್ರಕಾಶಕರ ಬಳಿಯೇ ಉಳಿಯದ, ಹಳೆ ಪುಸ್ತಕದಂಗಡಿಗಳಲ್ಲೂ ಸಿಗದ ಸಣ್ಣ ಊರಿನ ಮುದ್ರಣಗಳನ್ನು ನಾನು ಎಷ್ಟೋ ಸಲ ಇಲ್ಲಿಯೇ ಕುಳಿತು ಓದಿದ್ದೇನೆ. ಹುಡುಕಲು ತಾಳ್ಮೆ ಬೇಕು. ಕಪಾಟುಗಳ ಜಾಡು ಬಲ್ಲ ಹಿರಿಯ ಸಿಬ್ಬಂದಿಯೊಬ್ಬರ ಪರಿಚಯವಿದ್ದರೆ ಕೆಲಸ ಬೇಗ ಆಗುತ್ತದೆ.

ಬಡಾವಣೆಯ ಶಾಖೆಯ ಕಥೆ ಬೇರೆ. ನಾನು ಸದಸ್ಯನಾಗಿರುವ ಶಾಖೆಯ ಹೆಸರು ಇಲ್ಲಿ ಬೇಡ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ನಿವೃತ್ತರು ಪತ್ರಿಕೆಗಳಿಗಾಗಿ ಕಾದಿರುತ್ತಾರೆ. ಹತ್ತು ಗಂಟೆಯೊಳಗೆ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಊಟದ ಡಬ್ಬಿ ಸಮೇತ ಬಂದು ಮೇಜುಗಳನ್ನು ಹಿಡಿಯುತ್ತಾರೆ. ಬಾಡಿಗೆ ಕೋಣೆಯಲ್ಲಿ ಮೂರು ಜನರೊಂದಿಗಿರುವ ಹುಡುಗನಿಗೆ ಈ ನಗರದಲ್ಲಿ ಪುಕ್ಕಟೆಯಾಗಿ ಒಂದು ಕುರ್ಚಿ, ಒಂದು ಫ್ಯಾನು, ಒಂದಿಷ್ಟು ಮೌನ ಸಿಗುವುದು ಸಣ್ಣ ಮಾತಲ್ಲ. ಆ ಮಟ್ಟಿಗೆ ಶಾಖೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ನನ್ನ ದೂರಿರುವುದು ಎರವಲು ವಿಭಾಗದ ಬಗ್ಗೆ. ಹೊಸ ಪುಸ್ತಕಗಳು ಬಂದರೂ ಯಾವ ಕಪಾಟಿನಲ್ಲಿವೆ ಎಂದು ಹೇಳುವ ಸೂಚಿಯಿಲ್ಲ. ಕಾದಂಬರಿಗಳ ಸಾಲಿನಲ್ಲಿ ಕೃಷಿ ಕೈಪಿಡಿ, ಅದರ ಪಕ್ಕದಲ್ಲಿ ವಚನ ಸಂಪುಟದ ಮೂರನೆಯ ಭಾಗ ಮಾತ್ರ. ಒಂದೇ ಕಾದಂಬರಿಗಾಗಿ ನಾಲ್ಕು ಶನಿವಾರ ಅಲೆದದ್ದುಂಟು. ಕೊನೆಗೆ ಅದು ಮಕ್ಕಳ ವಿಭಾಗದಲ್ಲಿ ಸಿಕ್ಕಿತು.

2020ರಲ್ಲಿ ಆರಂಭವಾದ ರಾಜ್ಯದ ಡಿಜಿಟಲ್ ಗ್ರಂಥಾಲಯಕ್ಕೂ ನೋಂದಾಯಿಸಿಕೊಂಡಿದ್ದೇನೆ. ಶುಲ್ಕವಿಲ್ಲ, ಪಠ್ಯ ಸಾಮಗ್ರಿಗೆ ಅನುಕೂಲ. ಆದರೆ ಮುನ್ನೂರು ಪುಟದ ಗದ್ಯವನ್ನು ಮೊಬೈಲ್ ಪರದೆಯಲ್ಲಿ ಓದುವುದು ನನ್ನ ಕಣ್ಣಿಗೆ ಒಗ್ಗಲಿಲ್ಲ.

ಕಳೆದ ತಿಂಗಳು ಶಾಖೆಯಿಂದ ತಂದ ಪ್ರವಾಸ ಕಥನವೊಂದರ ತಾರೀಖಿನ ಚೀಟಿಯಲ್ಲಿ ಕೊನೆಯ ಮುದ್ರೆ 2009ರದಾಗಿತ್ತು. ಇಷ್ಟು ವರ್ಷ ಯಾರೂ ಒಯ್ಯಲಿಲ್ಲವಲ್ಲ ಎಂದು ಮರುಗುತ್ತಲೇ ಪುಟ ತಿರುವಿದಾಗ, ಅಂಚಿನಲ್ಲಿ ಪೆನ್ಸಿಲ್ಲಿನ ಸಣ್ಣ ಗೆರೆಗಳು ಕಂಡವು. ಹಾಗೆ ಗೆರೆ ಎಳೆಯುವ ಕೆಟ್ಟ ಚಾಳಿ ನನಗೆ ಆಗ ಇತ್ತು.