ಎಕ್ಸಾಂಪ್, ಡಾಕರ್, ಲಾರಗಾನ್: ಎಂಟು ಜಿಬಿ ಲ್ಯಾಪ್‌ಟಾಪ್‌ನಲ್ಲಿ ಮೂರನ್ನೂ ಓಡಿಸಿ ನೋಡಿದೆ

ಸೈಟನ್ನು ಇಂಟರ್ನೆಟ್‌ಗೆ ಹಾಕುವ ಮೊದಲು ನಮ್ಮ ಕಂಪ್ಯೂಟರಿನಲ್ಲೇ ಓಡಿಸಿ ನೋಡಲು ಬಳಸುವ ಸಾಧನಗಳು ಇವು ಮೂರೂ. ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಲಾರಗಾನ್‌ಗೆ. ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಕೂತು ಅಂಗಡಿಗಳಿಗೆ ವರ್ಡ್‌ಪ್ರೆಸ್ ಸೈಟ್ ಮಾಡಿಕೊಡುವುದು ನನ್ನ ಕೆಲಸ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, ವಿಂಡೋಸ್ 10, ಎಂಟು ಜಿಬಿ ಮೆಮೊರಿ. ಸದ್ಯಕ್ಕೆ ಹೊಸದು ಕೊಳ್ಳುವ ಯೋಚನೆ ಇಲ್ಲ.

ಮೂರು ವರ್ಷ ಎಕ್ಸಾಂಪ್‌ನಲ್ಲೇ ಕೆಲಸ ಮಾಡಿದೆ. ಕಾಲೇಜ್ ಲ್ಯಾಬಲ್ಲಿ ಕಲಿತಿದ್ದೂ ಅದನ್ನೇ. ಅದನ್ನು ಬಿಟ್ಟಿದ್ದು ಒಂದೇ ದಿನದ ಸಂಕಟದಿಂದ. ಇಳಕಲ್‌ನಲ್ಲಿ ಸೀರೆ ಅಂಗಡಿ ಇಟ್ಟವರೊಬ್ಬರು ತಮ್ಮ ಸೈಟ್ ಎಷ್ಟರಮಟ್ಟಿಗೆ ಆಗಿದೆ ಅಂತ ನೋಡಲು ಮನೆಗೇ ಬಂದಿದ್ದರು. ತೋಪ್ ತೆನಿ ಸೆರಗಿನ ಫೋಟೋಗಳನ್ನು ಹಿಂದಿನ ರಾತ್ರಿಯಷ್ಟೇ ಹಾಕಿದ್ದೆ. ಬ್ರೌಸರ್ ತೆರೆದರೆ ಸೀರೆ ಇಲ್ಲ, ಮೈಕ್ರೋಸಾಫ್ಟ್‌ನ ನೀಲಿ ಸ್ವಾಗತ ಪುಟ.

'ಏನ್ರೀ ಸರ, ನಮ್ಮ ಸೀರಿ ಎಲ್ಲಿ ಅದಾವ?' ಅಂದರು.

'ಒಂದ್ ಐದ್ ನಿಮಿಷ ಕೂಡ್ರಿ ಅಣ್ಣಾರ' ಅಂದೆ. ಅವತ್ತು ಐದು ನಿಮಿಷದಲ್ಲಿ ಮುಗಿಯಲಿಲ್ಲ.

ಎಕ್ಸಾಂಪ್ ಕಂಟ್ರೋಲ್ ಪ್ಯಾನಲ್‌ನಲ್ಲಿ ಅಪಾಚೆ, ಅಂದರೆ ಬ್ರೌಸರ್‌ಗೆ ಪುಟ ಕೊಡುವ ವೆಬ್ ಸರ್ವರ್, ಶುರುವೇ ಆಗುತ್ತಿರಲಿಲ್ಲ. 80ನೇ ಪೋರ್ಟ್ (ಬ್ರೌಸರ್ ಸೈಟಿಗಾಗಿ ತಟ್ಟುವ ಬಾಗಿಲು) ಬೇರೆಯವರ ಕೈಲಿದೆ, ಪ್ರೋಸೆಸ್ ನಂಬರ್ 4 ಅಂತ ಕೆಂಪಕ್ಷರದಲ್ಲಿ ಬರುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಹುಡುಕಿದರೆ 4 ಅಂದರೆ 'ಸಿಸ್ಟಮ್'. ಅದನ್ನು ಮುಚ್ಚೋಕೆ ಬರಲ್ಲ. ವಿಂಡೋಸ್‌ನ ಎಚ್‌ಟಿಟಿಪಿ ಡ್ರೈವರ್ ಸಿಸ್ಟಮ್ ಒಳಗೇ ಕೂತು, ಐಐಎಸ್, ಅಂದರೆ ಮೈಕ್ರೋಸಾಫ್ಟ್‌ನದೇ ವೆಬ್ ಸರ್ವರ್ ಪರವಾಗಿ ಪೋರ್ಟ್ ಹಿಡಿದುಕೊಂಡಿರುತ್ತದೆ. ಅದಕ್ಕೇ ಹೆಸರು ಸಿಗುವುದಿಲ್ಲ. ಹಿಂದಿನ ವಾರ ಬೇರೊಂದು ಕೆಲಸಕ್ಕೆ ಐಐಎಸ್ ಆನ್ ಮಾಡಿದ್ದೆ, ಮರೆತೇ ಬಿಟ್ಟಿದ್ದೆ.

ಗಡಿಬಿಡಿಯಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಅಪಾಚೆಯ ಕಾನ್ಫಿಗ್ ಫೈಲ್‌ನಲ್ಲಿ 80 ಅಳಿಸಿ 8080 ಬರೆದೆ. ಅಪಾಚೆ ಹಸಿರಾಯಿತು. ಆದರೆ ಸೈಟ್ ತೆರೆದರೆ ಮತ್ತೆ 80ಕ್ಕೇ ಓಡುತ್ತದೆ! ವರ್ಡ್‌ಪ್ರೆಸ್ ತನ್ನ ವಿಳಾಸವನ್ನು ಡೇಟಾಬೇಸ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. 8080ಯಿಂದ ಬಂದವರನ್ನೂ ಅಲ್ಲಿರುವ ಹಳೆಯ ವಿಳಾಸಕ್ಕೇ ಕಳಿಸುತ್ತದೆ. ಆ ಹಳೆಯ ವಿಳಾಸದಲ್ಲಿ ಐಐಎಸ್ ಕೂತಿತ್ತು, ಸೈಟಿನ ಫೋಲ್ಡರ್ ಅದರ ಬಳಿ ಇಲ್ಲದ್ದರಿಂದ 404, ಅಂದರೆ 'ಪುಟ ಸಿಗಲಿಲ್ಲ' ಅಂತ ತೋರಿಸಿತು. ಸರಿ, ಐಐಎಸ್ ನಿಲ್ಲಿಸಿದೆ. ಈಗ 80ರಲ್ಲಿ ಯಾರೂ ಇಲ್ಲ, ಹಾಗಾಗಿ 'ಕನೆಕ್ಷನ್ ರೆಫ್ಯೂಸ್ಡ್'. ಡೇಟಾಬೇಸ್‌ನಲ್ಲಿ ವಿಳಾಸವನ್ನೇ 8080ಗೆ ಬದಲಿಸಿದೆ. ಆಗಲೂ ಕ್ರೋಮ್ ಹಳೆಯ ಕಡೆಗೇ ಹೋಯಿತು. ಕಾಯಂ ರಿಡೈರೆಕ್ಟ್, ಅಂದರೆ 301 ಬಂದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಹಳೆಯ ನೆನಪಿಲ್ಲದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದ ಮೇಲೇ ಸೀರೆ ಕಂಡಿದ್ದು. ಅಷ್ಟೊತ್ತಿಗೆ ಅವರು ಎರಡನೇ ಸಲ ಚಹಾ ಕುಡಿದು ಮುಗಿಸಿದ್ದರು.

ಸಂಜೆ ಎಲ್ಲವನ್ನೂ ಮತ್ತೆ 80ಕ್ಕೇ ತಂದೆ. ಮರುದಿನ ಲ್ಯಾಪ್‌ಟಾಪ್ ಆನ್ ಮಾಡಿದರೆ ಮತ್ತದೇ ನೀಲಿ ಪುಟ. ಯಾಕೆಂದರೆ ಐಐಎಸ್ ಅನ್ನು ನಾನು ನಿಲ್ಲಿಸಿದ್ದೆ ಅಷ್ಟೇ, ಅದರ ಸ್ಟಾರ್ಟಪ್ ಇನ್ನೂ 'ಆಟೋಮ್ಯಾಟಿಕ್' ಇತ್ತು. ಸರ್ವಿಸಸ್ ಪಟ್ಟಿಯಲ್ಲಿ 'ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್' ಅಂತಿರುತ್ತದೆ. ಅದನ್ನು 'ಮ್ಯಾನ್ಯುಯಲ್' ಮಾಡಿ. ನೀಲಿ ಪುಟ ಕಂಡವರು ಪೋರ್ಟ್ ಬದಲಿಸುವ ಮೊದಲು ಇದೊಂದು ಮಾಡಿಬಿಟ್ಟರೆ ನಾನು ಪಟ್ಟ ಪಾಡು ನಿಮಗೆ ಬರಲ್ಲ.

ಆಮೇಲೆ ಗೆಳೆಯನ ಮಾತು ಕೇಳಿ ಡಾಕರ್ ಹಾಕಿದೆ. ಒಳ್ಳೆಯ ಸಾಧನ, ಅದರಲ್ಲಿ ಅನುಮಾನ ಇಲ್ಲ. ಪ್ರತಿ ಪ್ರಾಜೆಕ್ಟಿಗೂ ಬೇರೆ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ), ಬೇರೆ ಡೇಟಾಬೇಸ್, ಒಂದೊಂದೂ ಕಂಟೇನರ್ ಅನ್ನುವ ತನ್ನದೇ ಡಬ್ಬಿಯಲ್ಲಿ. ಆದರೆ ವಿಂಡೋಸ್‌ನಲ್ಲಿ ಅದು ಡಬ್ಲ್ಯೂಎಸ್‌ಎಲ್, ಅಂದರೆ ವಿಂಡೋಸ್ ಒಳಗೇ ಓಡುವ ಲಿನಕ್ಸ್ ಮೇಲೆ ಓಡುತ್ತದೆ, ಅದು ಅರ್ಧ ಮೆಮೊರಿಯವರೆಗೂ ತಿನ್ನಬಹುದು. ನನ್ನ ಎಂಟರಲ್ಲಿ ನಾಲ್ಕು ಹೋದರೆ ಕ್ರೋಮ್‌ಗೆ, ಫೋಟೋ ಎಡಿಟರ್‌ಗೆ ಏನು ಉಳಿಯುತ್ತೆ? ಫೈಲ್‌ಗಳು ಸಿ ಡ್ರೈವ್‌ನಲ್ಲಿದ್ದರೆ ಪುಟ ತೆರೆಯೋದೂ ನಿಧಾನ.

ಡಾಕರ್‌ನಲ್ಲಿ ಕನೆಕ್ಷನ್ ತಕರಾರು ಬೇರೆ ತರಹದ್ದು. ಡೇಟಾಬೇಸ್ ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ('ಇದೇ ಕಂಪ್ಯೂಟರ್') ಅಂತ ಬರೆದರೆ ಸಿಗಲ್ಲ. ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ, ಡೇಟಾಬೇಸ್ ಪಕ್ಕದ ಮನೆಯಲ್ಲಿರುತ್ತದೆ. ಕಂಟೇನರ್‌ಗಳ ಪಟ್ಟಿ ಇರುವ ಕಂಪೋಸ್ ಫೈಲ್‌ನಲ್ಲಿ ಡೇಟಾಬೇಸ್‌ಗೆ ಇಟ್ಟ ಹೆಸರನ್ನೇ ಬರೆಯಬೇಕು.

ಲಾರಗಾನ್‌ನಲ್ಲಿ ನನಗೆ ಹಿಡಿಸಿದ್ದು ಹೆಸರಿನ ವ್ಯವಸ್ಥೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಫೋಲ್ಡರ್ ಒಳಗೆ 'ಇಳಕಲ್' ಅಂತ ಫೋಲ್ಡರ್ ಮಾಡಿ ರೀಲೋಡ್ ಕೊಟ್ಟರೆ ಸಾಕು, ಇಳಕಲ್.ಟೆಸ್ಟ್ ಅಂತ ವಿಳಾಸ ತಯಾರು. ಯಾವ ಹೆಸರು ಯಾವ ಕಂಪ್ಯೂಟರಿಗೆ ಅಂತ ವಿಂಡೋಸ್ ನೋಡುವ ಹೋಸ್ಟ್ಸ್ ಫೈಲ್‌ನಲ್ಲಿ, ನಮ್ಮದೇ ಕಂಪ್ಯೂಟರಿನ ವಿಳಾಸವಾದ 127.0.0.1ರ ಪಕ್ಕ ಆ ಹೆಸರನ್ನು ತಾನೇ ಬರೆಯುತ್ತದೆ. ವಿಂಡೋಸ್ ಅನುಮತಿ ಕೇಳಿದಾಗ ಕೊಡಬೇಕು, ಇಲ್ಲದಿದ್ದರೆ ಆ ಸಾಲು ಸೇರುವುದಿಲ್ಲ, ಸೈಟ್ ಸಿಗಲ್ಲ. ಟೆಸ್ಟ್ ಅನ್ನುವ ಹೆಸರನ್ನು 1999ರಲ್ಲೇ ಪರೀಕ್ಷೆಗೆ ಅಂತ ಮೀಸಲಿಟ್ಟಿದ್ದಾರೆ. ಹಳೆಯ ಟ್ಯುಟೋರಿಯಲ್ ನೋಡಿ .ಡೆವ್ ಇಡಬೇಡಿ. 2017ರ ಕೊನೆಯಿಂದ ಕ್ರೋಮ್ ಅದನ್ನು ಬಲವಂತವಾಗಿ ಎಚ್‌ಟಿಟಿಪಿಎಸ್‌ಗೆ, ಅಂದರೆ 443ನೇ ಪೋರ್ಟ್‌ಗೆ ಕಳಿಸುತ್ತದೆ. ಲಾರಗಾನ್‌ನಲ್ಲಿ ನಾವಾಗಿ ಎಚ್‌ಟಿಟಿಪಿಎಸ್ ಆನ್ ಮಾಡದಿದ್ದರೆ ಅಲ್ಲಿ ಯಾರೂ ಇರಲ್ಲ ಅಲ್ವಾ?

80 ಬೇರೆಯವರ ಕೈಲಿದ್ದರೆ ಲಾರಗಾನ್ ಕೂಡ ಶುರುವಾಗಲ್ಲ, ಅದನ್ನು ಮುಚ್ಚಿಡಲ್ಲ. ಬೇಸಿಗೆಯಲ್ಲಿ ಫಟ್ಟಂತ ಕರೆಂಟ್ ಹೋಗಿ, ಲ್ಯಾಪ್‌ಟಾಪ್ ಬ್ಯಾಟರಿಯೂ ಸತ್ತಿದ್ದರೆ ಡೇಟಾಬೇಸ್ ಕೆಡುವ ಭಯ ಮೂರರಲ್ಲೂ ಇದೆ. ಬ್ಯಾಕಪ್ ಇಟ್ಟುಕೊಳ್ಳಿ.

ನಾಲ್ಕೈದು ಜನ ಸೇರಿ ಒಂದೇ ಪ್ರಾಜೆಕ್ಟ್ ಮಾಡುವವರು, ಹದಿನಾರು ಜಿಬಿ ಇರುವವರು ಡಾಕರ್‌ಗೇ ಹೋಗಿ. ನನ್ನಂತೆ ಒಬ್ಬರೇ ಕೂತು, ಒಂದೇ ಹೊತ್ತಿಗೆ ಆರು ಅಂಗಡಿಗಳ ಸೈಟ್ ತೆರೆದಿಡುವವರಿಗೆ ಲಾರಗಾನ್ ಸಾಕು. ಎಕ್ಸಾಂಪ್‌ನಿಂದ ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡಿ ಇಲ್ಲಿ ಹಾಕೋಕೆ ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ಇಳಕಲ್‌ನವರು ಹೋದ ವಾರ ಮತ್ತೆ ಬಂದಿದ್ದರು. ವಿಳಾಸದಲ್ಲಿ ತಮ್ಮೂರ ಹೆಸರು ನೋಡಿ, 'ಆ ಸೆರಗಿನ ಫೋಟೋ ಇನ್ನೊಂದೀಟ ದೊಡ್ಡದು ಮಾಡ್ರಿ, ಕೆಂಪು ಎದ್ದ ಕಾಣಬೇಕು' ಅಂದರು. ಈ ಸಲ ಮಾತೆಲ್ಲ ಸೀರೆದೇ.