ಗಿಡ್ಡ ಆಂಟೆನಾ, ಬುಡದಲ್ಲೊಂದು ಕಾಯಿಲ್, ತುದಿಗೊಂದು ಹಳೇ ಕೊಡೆ: 2 ವರ್ಷ ಬಳಸಿದ ಮೇಲೆ

ಬಾಡಿಗೆ ಮನೆಯ ಹ್ಯಾಮ್ (ಹವ್ಯಾಸಿ ರೇಡಿಯೊದವನ) ಕಷ್ಟ ಬಾಡಿಗೆ ಮನೆಯ ಹ್ಯಾಮ್‌ಗೇ ಗೊತ್ತು. 40 ಮೀಟರ್ ಬ್ಯಾಂಡಿಗೆ (ಸುಮಾರು ಅಷ್ಟುದ್ದದ ತರಂಗಗಳಿಗೆ) ಡೈಪೋಲ್, ಅಂದರೆ ನಡುವಿನಿಂದ ಕೇಬಲ್ ಕೊಡುವ ತಂತಿ ಆಂಟೆನಾ, ಕಟ್ಟಬೇಕೆಂದರೆ 20 ಮೀಟರ್ ತಂತಿ ಎಳೆಯಬೇಕು. ಮೈಸೂರಿನ ನಮ್ಮ ತಾರಸಿ ಇರೋದೇ 9 ಮೀಟರ್. ಅದರಲ್ಲೂ ಓನರ್ ಆಂಟಿಯ ಬಟ್ಟೆ ತಂತಿ, ನೀರಿನ ಟ್ಯಾಂಕು, ಕರಿಬೇವಿನ ಕುಂಡ. ಅದಕ್ಕೇ ಈ ಗಿಡ್ಡ ಆಂಟೆನಾ ತರಿಸಿದೆ. ಎರಡೂವರೆ ಮೀಟರಿನ ಎಳೆದು ಉದ್ದ ಮಾಡುವ ಸ್ಟೀಲ್ ಕಡ್ಡಿ, ಬುಡದಲ್ಲಿ ಜಾರುಗುಂಡಿ (ಸ್ಲೈಡರ್) ಇರುವ ಕಾಯಿಲ್, ಆಂಟೆನಾದ ಇನ್ನೊಂದು ಅರ್ಧದ ಹಾಗೆ ನೆಲಕ್ಕೆ ಹಾಸಲು ಒಂದೇ ಒಂದು ರೇಡಿಯಲ್ ತಂತಿ. 12,000 ರೂಪಾಯಿ. ಕಂಪನಿ ಹೆಸರು ಬೇಡ ಬಿಡಿ. ಇಂಥವು ಹತ್ತಾರು ಸಿಗುತ್ತವೆ, ಎಲ್ಲದರ ಹಣೆಬರಹವೂ ಹೆಚ್ಚುಕಡಿಮೆ ಒಂದೇ.

ಮೊದಲ ಆರು ತಿಂಗಳು ನಾನು ಇದರ ಭಕ್ತ. ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ತಾರಸಿಗೆ ಹೋಗೋದು. ಕಡ್ಡಿಯನ್ನು ಒಂದೊಂದೇ ಗೆಣ್ಣು ಎಳೆಯೋದು. ರೇಡಿಯೊ ಹಚ್ಚಿ ಜಾರುಗುಂಡಿಯನ್ನು ನಿಧಾನಕ್ಕೆ ಮೇಲೆ ಕೆಳಗೆ ಸರಿಸೋದು. ಒಂದು ಜಾಗಕ್ಕೆ ಬಂದಾಗ ಸ್ಪೀಕರಿನ 'ಶ್' ಸದ್ದು ಒಮ್ಮೆಲೇ ಉಬ್ಬುತ್ತದೆ, ಹಾಲು ಉಕ್ಕಿದ ಹಾಗೆ. ಅಲ್ಲೇ ನಿಲ್ಲಿಸಬೇಕು. ಆ ಜಾಗ ಮತ್ತೆ ಹುಡುಕೋದು ಬೇಡ ಅಂತ ಹೆಂಡತಿಯ ನೇಲ್ ಪಾಲಿಶ್ ತಂದು ಗುರುತು ಹಾಕಿದೆ. 40 ಮೀಟರಿಗೆ ಕೆಂಪು, 20 ಮೀಟರಿಗೆ ಗುಲಾಬಿ. ಎಸ್‌ಡಬ್ಲ್ಯುಆರ್ 1.1. (ರೇಡಿಯೊಗೂ ಆಂಟೆನಾಕ್ಕೂ ಎಷ್ಟು ಹೊಂದಿಕೆ ಎಂಬ ಅಳತೆ ಅದು, 1 ಬಂದರೆ ಪಕ್ಕಾ.) ಇನ್ನೇನು ಬೇಕು, ಅಲ್ವಾ?

ಬೇಕಿತ್ತು. ಬೆಳಗಿನ ನೆಟ್‌ನಲ್ಲಿ (ಹ್ಯಾಮ್‌ಗಳೆಲ್ಲ ಗೊತ್ತಾದ ಹೊತ್ತಿಗೆ ಸೇರಿ ಮಾತಾಡುವ ಕೂಟ) ನನ್ನ ದನಿ ಯಾರಿಗೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ನನಗೆ ಎಲ್ಲರೂ ಕೇಳಿಸುತ್ತಿದ್ದರು. ನಾನು ಮಾತಾಡಿದರೆ "ಓಲ್ಡ್ ಮ್ಯಾನ್, ಇನ್ನೊಮ್ಮೆ ಹೇಳಿ" ಅನ್ನೋದು (ಹ್ಯಾಮ್‌ಗಳು ಒಬ್ಬರನ್ನೊಬ್ಬರು ಕರೆಯೋದೇ ಹಾಗೆ). ಮೈಕ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ. ಕೊನೆಗೆ ಸುಮ್ನೆ ನೋಡೋಣ ಅಂತ ಇನ್ನೂ ಏಳು ರೇಡಿಯಲ್ ತಂತಿ ಹಾಸಿದೆ. ಎಸ್‌ಡಬ್ಲ್ಯುಆರ್ 2.4ಕ್ಕೆ ಏರಿ ಕೂತಿತು. ಹಾಳಾಯ್ತು ಅಂದುಕೊಂಡೇ ನೆಟ್‌ಗೆ ಹೋದರೆ, "ಏನ್ ಮಾಡಿದ್ರಿ? ಇವತ್ತು ಚೆನ್ನಾಗಿ ಬರ್ತಿದೀರಾ" ಅಂದರು.

ಆವತ್ತೇ ನನಗೆ ಈ ಆಂಟೆನಾ ಮೇಲೆ ಅನುಮಾನ ಹುಟ್ಟಿದ್ದು.

ಕೂತು ಲೆಕ್ಕ ಹಾಕಿದೆ. ಎರಡೂವರೆ ಮೀಟರ್ ಕಡ್ಡಿಗೆ ಬುಡದಲ್ಲಿ ಕಾಯಿಲ್ ಇಟ್ಟರೆ 7.1 ಮೆಗಾಹರ್ಟ್ಸ್‌ನಲ್ಲಿ ಅದರ ರೇಡಿಯೇಶನ್ ರೆಸಿಸ್ಟೆನ್ಸ್ (ಸಿಗ್ನಲ್ ಆಗಿ ಹೊರಡುವ ಪಾಲು) ಬರೀ 1.4 ಓಮ್. ನ್ಯಾನೊವಿಎನ್ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಮೊದಲು ತೋರಿಸುತ್ತಿದ್ದದ್ದು ಒಟ್ಟು 46 ಓಮ್. ಉಳಿದದ್ದೆಲ್ಲ ಕಾಯಿಲ್‌ನ ನಷ್ಟ, ನೆಲದ ನಷ್ಟ. ಅಂದರೆ ನಾನು ಕೊಡುತ್ತಿದ್ದ 50 ವ್ಯಾಟ್‌ನಲ್ಲಿ ಗಾಳಿಗೆ ಹೋಗುತ್ತಿದ್ದದ್ದು ಒಂದೂವರೆ ವ್ಯಾಟ್. ಮಿಕ್ಕಿದ್ದು ತಾರಸಿಯ ಸಿಮೆಂಟು ಬೆಚ್ಚಗಾಗೋಕೆ. ರೇಡಿಯೊ ಬಯಸೋದು 50 ಓಮ್, 46 ಅದಕ್ಕೆ ಹತ್ತಿರ. ಆ 1.1 ಎಸ್‌ಡಬ್ಲ್ಯುಆರ್ ಬಂದಿದ್ದೇ ನಷ್ಟದ ಕೃಪೆಯಿಂದ. ರೇಡಿಯಲ್ ಹಾಸಿದ ಮೇಲೆ ಒಟ್ಟು 21 ಓಮ್‌ಗೆ ಇಳಿಯಿತು. 2.4 ಯಾಕೆ ಬಂತು ಅಂತ ಆಗ ಅರ್ಥವಾಯಿತು. ರೇಡಿಯೊ ಒಳಗಿನ ಟ್ಯೂನರ್ ಅದನ್ನು ಆರಾಮಾಗಿ ಸಂಭಾಳಿಸುತ್ತದೆ.

ನನಗೆ ಸಿಟ್ಟು ಬಂದಿದ್ದು ಡಬ್ಬದ ಮೇಲಿನ ಮಾತಿಗೆ. 'ಕಾಲು ತರಂಗದ ಪೂರ್ತಿ ಆಂಟೆನಾಕ್ಕೆ ಸಮ, ಕಡಿಮೆಯಾದ ಉದ್ದವನ್ನು ಕಾಯಿಲ್ ತುಂಬುತ್ತದೆ' ಎಂಬ ಧಾಟಿ. 40 ಮೀಟರಿಗೆ ಕಾಲು ತರಂಗ ಅಂದರೆ ಹತ್ತು ಮೀಟರ್. ನಮ್ಮ ಹ್ಯಾಮ್ ಗೆಳೆಯರಲ್ಲೂ ಅರ್ಧ ಜನ ಇದನ್ನೇ ನಂಬಿದ್ದಾರೆ. ಸರಿ, ಅಳೆದೇ ಬಿಡೋಣ ಅಂತ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡ್‌ನಲ್ಲಿ ಒಂದು ಫೆರೈಟ್ ಉಂಗುರ, ಒಂದು ಜರ್ಮೇನಿಯಂ ಡಯೋಡ್, ಹಳೇ ಟೇಪ್ ರೆಕಾರ್ಡರಿನ ಒಂದು ಪುಟ್ಟ ಮೀಟರ್ ತಂದೆ. ಉಂಗುರಕ್ಕೆ ಹತ್ತು ಸುತ್ತು ತಂತಿ, ಅಷ್ಟೇ. ಉಂಗುರದೊಳಗೆ ಕಡ್ಡಿ ತೂರಿಸಿದರೆ ಅಲ್ಲಿ ಹರಿಯುವ ಕರೆಂಟ್ ಮುಳ್ಳಿನಲ್ಲಿ ಕಾಣುತ್ತದೆ. ಹತ್ತಿರ ನಿಂತರೆ ನನ್ನ ಮೈಯೇ ಟ್ಯೂನಿಂಗ್ ಕೆಡಿಸುತ್ತದೆ. ಹಾಗಾಗಿ ಟ್ಯಾಂಕಿನ ಆಚೆ ನಿಂತು ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಓದಿದೆ.

ಕಾಯಿಲ್ ನಿಜಕ್ಕೂ ಕಾಣೆಯಾದ ಏಳೂವರೆ ಮೀಟರಿನ ಕೆಲಸ ಮಾಡುತ್ತಿದ್ದರೆ, ಅದರ ಕೆಳಗೆ 100 ಇದ್ದ ಕರೆಂಟ್ ಮೇಲೆ 38ಕ್ಕೆ ಇಳಿಯಬೇಕಿತ್ತು. ನನಗೆ ಸಿಕ್ಕಿದ್ದು 88. ಡಯೋಡ್ ಮೀಟರ್ ಆದ್ದರಿಂದ ಒಂದೆರಡು ಅಂಕಿ ಆಚೀಚೆ ಇರಲಿ, ಆದರೂ 38 ಎಲ್ಲಿ, 88 ಎಲ್ಲಿ! ಕಾಯಿಲ್ ಕರೆಂಟನ್ನು ನುಂಗೋದೂ ಇಲ್ಲ. ಒಂದು ತುದಿಯಲ್ಲಿ ಹೊಕ್ಕಿದ್ದು, ದಾರಿಯಲ್ಲಿ ಸೋರದಿದ್ದರೆ, ಇನ್ನೊಂದು ತುದಿಯಲ್ಲಿ ಬರಲೇಬೇಕು. ಕಡಿಮೆಯಾದ ಆ ಹನ್ನೆರಡು ಕಾಯಿಲ್‌ನ ಸುತ್ತುಗಳಿಂದ ಗಾಳಿಯ ಮೂಲಕ, ಕೆಪಾಸಿಟರಿನಲ್ಲಿ ಆಗುವ ಹಾಗೆ, ಸೋರಿ ಹೋದದ್ದು. ಕಾಯಿಲ್ ಚಿಕ್ಕದಾಗಿ ಬಿಗಿಯಾಗಿದ್ದರೆ ಸೋರಿಕೆ ಇನ್ನೂ ಕಡಿಮೆ. ಕೊಳವೆ ಹಾಗೆ ಉದ್ದಕ್ಕಿದ್ದರೆ ಜಾಸ್ತಿ.

ಹಾಗಾದರೆ ತೊಂದರೆ ಎಲ್ಲಿ? ಕಾಯಿಲ್ ಮೇಲಿನ ಕಡ್ಡಿಯಲ್ಲಿ. ನಮ್ಮೂರು ಮಳವಳ್ಳಿ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗ. ನಾಲೆಯಲ್ಲಿ ನೀರು ಬಿಟ್ಟ ಸುದ್ದಿ ಪೇಪರಲ್ಲಿ ಬರುತ್ತದೆ, ನಮ್ಮ ಗದ್ದೆಗೆ ನೀರು ಬರೋಲ್ಲ. ದಾರಿಯುದ್ದಕ್ಕೂ ಒಬ್ಬೊಬ್ಬರು ತೂಬು ತೆಗೆದುಕೊಳ್ಳುತ್ತಾರೆ. ಕಡ್ಡಿಯದ್ದೂ ಅದೇ ಕತೆ. ಒಂದೊಂದು ಇಂಚೂ ತನ್ನ ಪಾಲು ಕರೆಂಟನ್ನು ಗಾಳಿಗೆ ಬಿಟ್ಟುಕೊಳ್ಳುತ್ತದೆ, ತುದಿಯಲ್ಲಿ ಸೊನ್ನೆ. ಸಿಗ್ನಲ್ ಹೊರಡುವುದು ಲೋಹದ ಉದ್ದಕ್ಕೂ ಹರಿಯುವ ಕರೆಂಟಿನಿಂದ. ಇಲ್ಲಿ ಸರಾಸರಿ ಅರ್ಧ ಮಾತ್ರ ಹರಿಯುತ್ತಿದೆ.

ಕಾಯಿಲನ್ನು ನಡುವಿಗೆ ಏರಿಸಿದರೆ ವಾಸಿ. ಕಾಯಿಲ್ ಕೆಳಗಿನ ಭಾಗದಲ್ಲಿ ವೋಲ್ಟೇಜ್ ಕಡಿಮೆ, ಆದ್ದರಿಂದ ಸೋರಿಕೆ ಕಡಿಮೆ, ಅಷ್ಟುದ್ದಕ್ಕೂ ಕರೆಂಟ್ ತುಂಬಿ ಹರಿಯುತ್ತದೆ. ಅಲ್ಯೂಮಿನಿಯಂ ಪೈಪು ತಂದು ಮಾಡಿಯೂ ನೋಡಿದೆ. ಆದರೆ ಮೇಲೆ ಉಳಿದ ಕಡ್ಡಿ ಅರ್ಧವಾದರೆ ಕಾಯಿಲ್ ಎರಡರಷ್ಟು ಬೇಕು, ಸುಮಾರು 40 ಮೈಕ್ರೊಹೆನ್ರಿ. ಇದರಲ್ಲಿ ಇರೋದೇ 28. ಜಾರುಗುಂಡಿ ತುದಿಗೆ ಹೋಗಿ ನಿಂತಿತು. 12,000 ಕೊಟ್ಟವನಿಗೆ ಇನ್ನಷ್ಟು ಸುತ್ತು ತಂತಿ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಆಗ ನೆನಪಾಗಿದ್ದು ಕೆರೆ. ನಾಲೆಯ ಕೊನೆಯಲ್ಲಿ ದೊಡ್ಡ ಕೆರೆ ಇದ್ದರೆ ಅದನ್ನು ತುಂಬಿಸಲಿಕ್ಕಾದರೂ ನೀರು ನಾಲೆಯುದ್ದಕ್ಕೂ ಹರಿಯಬೇಕು. ಆಂಟೆನಾ ತುದಿಗೂ ಅಂಥದ್ದೇ ಒಂದು 'ಕೆರೆ' ಕಟ್ಟಬಹುದು, ಕೆಪಾಸಿಟಿ ಹ್ಯಾಟ್ ಅಂತಾರೆ. ಓನರ್ ಆಂಟಿ ಹಳೇ ಸಾಮಾನಿನವನಿಗೆ ಕೊಡಲು ತೆಗೆದಿಟ್ಟಿದ್ದ ಮುರುಕಲು ಕೊಡೆ ಕೇಳಿದೆ. "ಅಯ್ಯೋ, ಬಟ್ಟೆ ಹರಿದಿದೆ ಕಣಪ್ಪಾ" ಅಂದರು. ನನಗೆ ಬಟ್ಟೆ ಬೇಡ ಆಂಟಿ, ಕಡ್ಡಿ ಸಾಕು ಅಂದೆ. ಎಂಟು ಕಡ್ಡಿ ಬಿಡಿಸಿ, ತುದಿಗಳಿಗೆ ತಾಮ್ರದ ತಂತಿಯ ಬಳೆ ಕಟ್ಟಿ, ಮೇಲೆ ಕೂರಿಸಿದೆ. ಭಾರಕ್ಕೆ ಕಡ್ಡಿ ಬಾಗುತ್ತದೆ, ಪಕ್ಕದಲ್ಲಿ ವೈರಿಂಗ್‌ನ ಪಿವಿಸಿ ಪೈಪು ಕಟ್ಟಲೇಬೇಕು.

ನೇಲ್ ಪಾಲಿಶ್ ಗುರುತೆಲ್ಲ ಸುಳ್ಳಾಯಿತು! ಬೇಕಾದ ಕಾಯಿಲ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಅದರ ನಷ್ಟವೂ ಇಳಿಯಿತು. ನನ್ನ ಲೆಕ್ಕದಲ್ಲಿ ಈಗ ಏಳು ವ್ಯಾಟ್ ಹೊರಗೆ ಹೋಗುತ್ತಿದೆ. ಕೊಂಡ ದಿನಕ್ಕೆ ಹೋಲಿಸಿದರೆ ಒಂದು ಎಸ್ ಯೂನಿಟ್‌ಗಿಂತ (ರೇಡಿಯೊದ ಸಿಗ್ನಲ್ ಮೀಟರಿನ ಒಂದು ಅಂಕ) ತುಸು ಜಾಸ್ತಿ. ಪವಾಡವಲ್ಲ. ಆದರೆ "ಇನ್ನೊಮ್ಮೆ ಹೇಳಿ" ಅನ್ನೋದು ನಿಂತಿದೆ.

ಉಳಿದ ಸಣ್ಣಪುಟ್ಟದ್ದು. ಮಳೆಗಾಲದಲ್ಲಿ ಜಾರುಗುಂಡಿಯ ಹಿತ್ತಾಳೆ ಕಪ್ಪಾಗಿ ಕಿರಿಕಿರಿ ಮಾಡುತ್ತದೆ, ಹುಣಸೆಹುಳಿ ಹಚ್ಚಿ ತೊಳೆದರೆ ಸರಿ. ಮಾತಾಡುವಾಗ ಕಾಯಿಲ್ ಮೇಲ್ತುದಿ ಮುಟ್ಟಲೇಬೇಡಿ. 50 ವ್ಯಾಟ್‌ಗೇ ಅಲ್ಲಿ ಸಾವಿರ ವೋಲ್ಟ್ ಸುತ್ತಮುತ್ತ ಇರುತ್ತದೆ, ನನ್ನ ಬೆರಳಿನ ಕಲೆ ಇನ್ನೂ ಹೋಗಿಲ್ಲ. ಗುಡುಗಿದರೆ ಮೊದಲು ಕೇಬಲ್ ಬಿಚ್ಚಿ.

ತಂತಿ ಎಳೆಯಲು ಜಾಗವಿದ್ದವರು ಇದನ್ನು ಕೊಳ್ಳಬೇಡಿ. ಡೈಪೋಲ್‌ಗೆ ಸಾವಿರ ರೂಪಾಯಿಯೂ ಆಗೋಲ್ಲ. ನನ್ನ ಹಾಗೆ 9 ಮೀಟರ್ ತಾರಸಿಯವರು ಕೊಳ್ಳಬಹುದು, ಆದರೆ ಡಬ್ಬದ ಮೇಲಿನದ್ದನ್ನು ಓದದೆ, ಹತ್ತು ರೇಡಿಯಲ್‌ಗೆ ಬೇಕಾದ ತಂತಿ ಜೊತೆಗೇ ತಂದುಕೊಂಡು. ನನ್ನ ರೇಡಿಯಲ್‌ಗಳೆಲ್ಲ ಸದ್ಯಕ್ಕೆ ಆಂಟಿಯ ಸಂಡಿಗೆ ಚಾಪೆಯ ಕೆಳಗಿವೆ. ಏಪ್ರಿಲ್ ಮುಗಿಯೋವರೆಗೆ ಅವನ್ನು ಅಲುಗಿಸುವ ಹಾಗಿಲ್ಲ.