ಬೇರಿಂಗ್‌ನ 4000 ಎಂಪಿಎ ನಂಬಿ ಇಎನ್ 8 ಪಟ್ಟಿ ಹಾಕಿಸಬೇಡಿ

ನಮ್ಮ ಫ್ಯಾಕ್ಟರಿಗೆ ಭಾರದ ಟ್ರಾಲಿಯೊಂದನ್ನು ಹೊರಗಿನವರಿಂದ ಡಿಸೈನ್ ಮಾಡಿಸಿದ್ದೆವು. 52 ಮಿ.ಮೀ. ವ್ಯಾಸದ ಕ್ಯಾಮ್ ಫಾಲೋವರ್‌ಗಳು (ಚಕ್ರದಂತೆ ಉರುಳುವ ಬೇರಿಂಗ್ ರೋಲರ್‌ಗಳು), ಕೆಳಗೆ ಅವು ಓಡಲು ಇಎನ್ 8 (ಮಧ್ಯಮ ಇಂಗಾಲದ ಸ್ಟೀಲ್) ಪಟ್ಟಿ. ಒಂದೊಂದು ರೋಲರ್ ಮೇಲೂ ಸುಮಾರು 800 ಕೆ.ಜಿ. ಭಾರ. ಕೆಲವೇ ವಾರಗಳಲ್ಲಿ ರೋಲರ್ ಓಡುವ ದಾರಿ ತಗ್ಗಾಯಿತು. ಬೆರಳಾಡಿಸಿದರೆ ಪಕ್ಕದಲ್ಲಿ ಉಬ್ಬಿದ ಲೋಹ ಸಿಗುತ್ತಿತ್ತು. ಆಮೇಲೆ ಚಕ್ಕೆ ಏಳಲು ಶುರುವಾಯಿತು.

ಡಿಸೈನ್ ಮಾಡಿದವರನ್ನು ಕೇಳಿದರೆ, "ಹರ್ಟ್ಜ್ ಒತ್ತಡ 840 ಎಂಪಿಎ ಅಷ್ಟೇ ಸಾರ್, ಸ್ಟೀಲಿಗೆ 4000 ತನಕ ನಡೆಯುತ್ತೆ" ಅಂದರು. ಹರ್ಟ್ಜ್ ಒತ್ತಡ ಅಂದರೆ ರೋಲರ್ ಪಟ್ಟಿಗೆ ತಾಗುವ ಸಣ್ಣ ಜಾಗದಲ್ಲಿ ಬೀಳುವ ಗರಿಷ್ಠ ಒತ್ತಡ, ಎಂಪಿಎ (ಮೆಗಾಪಾಸ್ಕಲ್) ಅದರ ಅಳತೆ. 840 ಸರಿಯಾಗಿಯೇ ಇತ್ತು. ತಪ್ಪಿದ್ದದ್ದು 4000ದಲ್ಲಿ. ಅದು ರೋಲರ್ ಬೇರಿಂಗ್‌ಗೆ ಐಎಸ್ಒ 76 (ಬೇರಿಂಗ್ ತಡೆಯುವ ನಿಂತ ಭಾರದ ಅಂತರರಾಷ್ಟ್ರೀಯ ಮಾನದಂಡ) ಇಟ್ಟುಕೊಂಡಿರುವ ಅಂಕಿ. ಗಟ್ಟಿ ಮಾಡಿದ ಬೇರಿಂಗ್ ಸ್ಟೀಲಿಗೆ, ನಿಂತ ಭಾರಕ್ಕೆ ಮಾತ್ರ. ಅಷ್ಟು ಒತ್ತಡದಲ್ಲಿ ರೋಲರ್ ವ್ಯಾಸದ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಶಾಶ್ವತ ತಗ್ಗು ಬೀಳುತ್ತದೆ ಅಂತ ಒಪ್ಪಿಕೊಂಡೇ ಅದನ್ನು ಇಟ್ಟಿದ್ದಾರೆ. ದಿನವಿಡೀ ಉರುಳುವ ಮೆತ್ತನೆ ಪಟ್ಟಿಗೆ ಅದು ಹೇಗೆ ಹೊಂದುತ್ತೆ?

ನಾರ್ಮಲೈಸ್ ಮಾಡಿದ (ಕಾಯಿಸಿ ಗಾಳಿಯಲ್ಲಿ ಆರಿಸಿದ) ಇಎನ್ 8ರ ಯೀಲ್ಡ್, ಅಂದರೆ ಲೋಹ ಶಾಶ್ವತವಾಗಿ ಆಕಾರ ಬಿಡಲು ಶುರುವಾಗುವ ಒತ್ತಡ, 300 ಎಂಪಿಎ ಆಸುಪಾಸು. ರೋಲರ್ ಗೆರೆಯಾಗಿ ಕೂರುವಾಗ ಯೀಲ್ಡ್‌ನ ಸುಮಾರು 1.7 ಪಟ್ಟು ಒತ್ತಡಕ್ಕೇ ಒಳಗೆ ಲೋಹ ಜರುಗಲು ಶುರು, ಅಂದರೆ 500 ದಾಟಿದರೆ ಸಾಕು. ಮತ್ತೆ ಮತ್ತೆ ಉರುಳಿದರೂ ತಡೆಯುವ ಮಿತಿ 700ರ ಹತ್ತಿರ. ನಮ್ಮದು ಅದನ್ನೂ ಮೀರಿತ್ತು.

ಎರಡನೇ ಪೆಟ್ಟು ಅವರು ಹೇಳಿದ ರಿಪೇರಿ. ಹೊಸ ಪಟ್ಟಿಗೆ ಟಫ್‌ಟ್ರೈಡ್ (ಬಿಸಿ ಉಪ್ಪಿನ ದ್ರವದಲ್ಲಿ ಮೇಲ್ಮೈಗೆ ನೈಟ್ರೋಜನ್ ಸೇರಿಸಿ ಗಟ್ಟಿ ಮಾಡುವುದು) ಮಾಡಿಸಿದರು. ಇಲ್ಲಿ ಕತ್ತರಿಸುವ ಬಲ ಅತಿ ಹೆಚ್ಚಿರುವುದು ಮೇಲ್ಮೈಯಲ್ಲಲ್ಲ, ಸುಮಾರು 0.3 ಮಿ.ಮೀ. ಒಳಗೆ. ಟಫ್‌ಟ್ರೈಡ್‌ನ ನಿಜವಾದ ಗಟ್ಟಿ ಪದರ ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಲೆಕ್ಕದ್ದು. ಕೆಸರಿನ ಮೇಲೆ ಕಡಪ ಕಲ್ಲು ಹಾಸಿದ ಹಾಗಾಯಿತು. ಪದರವೇ ಒಡೆದು ಎದ್ದು ಬಂತು.

ಭಾರ ಇಳಿಸಿ ನೋಡೋಣ ಅಂತಲೂ ಹೊರಡಬೇಡಿ. ಒತ್ತಡ ಅರ್ಧಕ್ಕೆ ಬರಬೇಕಾದರೆ ಭಾರವನ್ನು ಕಾಲು ಭಾಗಕ್ಕೆ ಇಳಿಸಬೇಕು.

ಡ್ರಾಯಿಂಗ್‌ಗೆ ಸಹಿ ಹಾಕುವ ಮೊದಲು ಪಟ್ಟಿಯ ಗಡಸುತನ, ಅದು ಎಷ್ಟು ಆಳದವರೆಗೆ ಇದೆ, ಎರಡನ್ನೂ ಬರೆಸಿಕೊಳ್ಳಿ. ನಮ್ಮಲ್ಲಿ ಈಗ ಇಎನ್ 8ಕ್ಕೇ 2 ಮಿ.ಮೀ. ಆಳದ ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ ಸುರುಳಿಯಿಂದ ಕಾಯಿಸಿ ತಕ್ಷಣ ತಣಿಸಿ ಗಟ್ಟಿ ಮಾಡುವುದು), ಗಡಸುತನ 50 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆ) ಮೇಲೆ. ಜೊತೆಗೆ ಕ್ರೌನ್ ಇರುವ (ನಡು ಸ್ವಲ್ಪ ಉಬ್ಬಿರುವ) ರೋಲರ್ ಹಾಕಿದ್ದೇವೆ. ಪಟ್ಟಿ ಸ್ವಲ್ಪ ವಾರೆಯಾದರೂ ಭಾರವೆಲ್ಲ ಒಂದೇ ಅಂಚಿಗೆ ಬೀಳುವುದಿಲ್ಲ.